ಉಷ್ಣಮಾಪಕವಿಲ್ಲದ ಕಾಲದ ತಾಪಮಾನವನ್ನು ಅಳೆಯುವುದು ಹೇಗೆ?

2023ರ ನವೆಂಬರ್‌ನಲ್ಲಿ ಐರೋಪ್ಯ ಒಕ್ಕೂಟದ ಕೋಪರ್ನಿಕಸ್ ಹವಾಮಾನ ಸೇವೆಯ ವಿಜ್ಞಾನಿಗಳು, ಆ ವರ್ಷವು ಕಳೆದ 1,25,000 ವರ್ಷಗಳಲ್ಲೇ ಅತ್ಯಂತ ಬಿಸಿಯಾದ ವರ್ಷವಾಗುವುದು ಬಹುತೇಕ ಖಚಿತ ಎಂದು ಹೇಳಿದರು. ಸುದ್ದಿ ಓದಿದವರಲ್ಲಿ ಅನೇಕರಿಗೆ ಎದ್ದ ಪ್ರಶ್ನೆ ನ್ಯಾಯವಾದದ್ದೇ: ಅಷ್ಟು ಹಿಂದಿನ ತಾಪಮಾನ ಯಾರಿಗೆ ಗೊತ್ತು? ಆ ಸಂಸ್ಥೆಯ ಸ್ವಂತ ದತ್ತಾಂಶವೇ 1940ರಿಂದ ಈಚಿನದು. ಉಷ್ಣಮಾಪಕ ನೋಡಿ ಬರೆದಿಟ್ಟ ದಾಖಲೆಗಳಲ್ಲಿ ಅತಿ ದೀರ್ಘವಾದ ಮಧ್ಯ ಇಂಗ್ಲೆಂಡಿನ ದಾಖಲೆ ಆರಂಭವಾಗುವುದು 1659ರಲ್ಲಿ. ಇಡೀ ಭೂಮಿಯ ಸರಾಸರಿಯನ್ನು ಲೆಕ್ಕ ಹಾಕಲು ಸಾಕಾಗುವಷ್ಟು ಅಳತೆಗಳು ದೊರೆಯುವುದು ಸುಮಾರು 1850ರಿಂದ ಈಚೆಗೆ. ಅದಕ್ಕೂ ಹಿಂದಿನ ಕಾಲದ ಬಗ್ಗೆ ವಿಜ್ಞಾನಿಗಳು ಆಡುವ ಮಾತಿಗೆಲ್ಲ ಆಧಾರ ಸರೋವರದ ಹೂಳು, ಕಡಲ ತಳದ ಕೆಸರು, ಹಿಮದ ಪದರ, ಕಲ್ಲಿನಲ್ಲಿ ಉಳಿದ ಎಲೆಯ ಅಚ್ಚು, ಸತ್ತ ಪ್ರಾಣಿಯ ಹಲ್ಲು. ಇವುಗಳಿಂದ ಹಿಂದಿನ ಬಿಸಿಲು, ಮಳೆ, ಕಾಡು, ಹುಲ್ಲುಗಾವಲುಗಳನ್ನು ಮರಳಿ ಕಂಡುಕೊಳ್ಳುವುದು ಹೇಗೆ, ಆ ತಿಳಿವಳಿಕೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ಇಲ್ಲಿ ಬಿಡಿಸಿ ನೋಡೋಣ.

ಪರೋಕ್ಷ ಸೂಚಕ ಎಂದರೇನು?

ದಿನದಿಂದ ದಿನಕ್ಕೆ ಬದಲಾಗುವ ಬಿಸಿಲು, ಮಳೆ, ಗಾಳಿಯನ್ನು ಹವಾಮಾನ ಎನ್ನುತ್ತೇವೆ. ಒಂದು ಪ್ರದೇಶದಲ್ಲಿ ಹಲವು ದಶಕಗಳ ಸರಾಸರಿಯಾಗಿ ನೆಲೆಗೊಂಡಿರುವ ಸ್ಥಿತಿ ವಾಯುಗುಣ. ಆ ವಾಯುಗುಣದಲ್ಲಿ ಒಟ್ಟಿಗೆ ಬದುಕುವ ಗಿಡಮರ, ಪ್ರಾಣಿ, ಕೀಟ, ಸೂಕ್ಷ್ಮಜೀವಿಗಳು, ಅವು ನೆಚ್ಚಿಕೊಂಡ ಮಣ್ಣು ಮತ್ತು ನೀರು ಸೇರಿ ಪರಿಸರ ವ್ಯವಸ್ಥೆಯಾಗುತ್ತದೆ. ಗತಕಾಲದ ತಾಪಮಾನವನ್ನು ನೇರವಾಗಿ ಅಳೆಯಲು ಬಾರದು. ಆದರೆ ತಾಪಮಾನಕ್ಕೆ ತಕ್ಕಂತೆ ಬದಲಾಗಿ, ಆ ಬದಲಾವಣೆಯ ಗುರುತನ್ನು ಉಳಿಸಿಕೊಂಡ ವಸ್ತುವೊಂದು ಸಿಕ್ಕರೆ, ಗುರುತನ್ನು ಅಳೆದು ತಾಪಮಾನವನ್ನು ಅಂದಾಜು ಮಾಡಬಹುದು. ಇಂಥ ವಸ್ತುವನ್ನು ಪರೋಕ್ಷ ಸೂಚಕ ಎಂದು ಕರೆಯೋಣ.

ಸೂಚಕವೊಂದು ಉಪಯೋಗಕ್ಕೆ ಬರಬೇಕಾದರೆ ಅದು ಇಂದಿಗೂ ಪ್ರಕೃತಿಯಲ್ಲಿ ಉಂಟಾಗುತ್ತಿರಬೇಕು. ಏಕೆಂದರೆ ಇಂತಿಷ್ಟು ತಾಪಮಾನದಲ್ಲಿ ಇಂಥ ಗುರುತು ಮೂಡುತ್ತದೆ ಎಂಬ ಸಂಬಂಧವನ್ನು ಮೊದಲು ಉಷ್ಣಮಾಪಕವಿರುವ ಇಂದಿನ ಜಗತ್ತಿನಲ್ಲಿ ಪರೀಕ್ಷಿಸಿ, ಆಮೇಲಷ್ಟೇ ಹಿಂದಿನ ಕಾಲಕ್ಕೆ ಅನ್ವಯಿಸಲಾಗುತ್ತದೆ. ಈ ವಿಜ್ಞಾನದ ಬಲವೂ ಮಿತಿಯೂ ಇಲ್ಲಿಯೇ ಇವೆ. ಇಂದು ಎಲ್ಲಿಯೂ ಇಲ್ಲದಂಥ ಸ್ಥಿತಿ ಹಿಂದೆ ಇದ್ದಿದ್ದರೆ ಹೋಲಿಸಿ ನೋಡಲು ಕೈಯಲ್ಲಿ ಏನೂ ಇರುವುದಿಲ್ಲ.

ಹೂಳಿನಲ್ಲಿ ಉಳಿದ ಪರಾಗ

ಹೂಬಿಡುವ ಗಿಡಮರಗಳು ಚೆಲ್ಲುವ ಪರಾಗದ ಬಹುಪಾಲು ಇನ್ನೊಂದು ಹೂವನ್ನು ತಲುಪುವುದೇ ಇಲ್ಲ. ಗಾಳಿಯಲ್ಲಿ ತೇಲಿ ಹೋಗಿ ನೆಲಕ್ಕೋ ನೀರಿಗೋ ಬೀಳುತ್ತದೆ. ಸರೋವರಕ್ಕೆ ಬಿದ್ದ ಕಣಗಳು ಮುಳುಗಿ ಹೂಳಿನೊಡನೆ ತಳದಲ್ಲಿ ಕೂರುತ್ತವೆ. ಪರಾಗದ ಹೊರಗೋಡೆಯಲ್ಲಿರುವ ಸ್ಪೋರೊಪೊಲೆನಿನ್ ಎಂಬ ಪದಾರ್ಥ ಎಷ್ಟು ಗಟ್ಟಿಯೆಂದರೆ, ಆಮ್ಲಜನಕ ಹೆಚ್ಚು ಸುಳಿಯದ ಕೆಸರಿನಲ್ಲಿ ಅದು ಲಕ್ಷಾಂತರ ವರ್ಷ ಹಾಗೆಯೇ ಉಳಿಯಬಲ್ಲದು. ಜೊತೆಗೆ ಕಣದ ಆಕಾರ, ಗೋಡೆಯ ಮೇಲಿನ ಮುಳ್ಳು, ರಂಧ್ರ, ಗೆರೆಗಳು ಸಸ್ಯದಿಂದ ಸಸ್ಯಕ್ಕೆ ಬೇರೆಯಾಗಿರುತ್ತವೆ. ಪೈನ್ ಮರದ ಪರಾಗಕ್ಕೆ ಎರಡು ಗಾಳಿಚೀಲಗಳಿರುತ್ತವೆ. ಹುಲ್ಲಿನ ಪರಾಗ ಒಂದೇ ರಂಧ್ರವಿರುವ ನುಣುಪಾದ ಗುಂಡು.

ಸಂಶೋಧಕರು ಸರೋವರದ ನಡುವೆ ತೆಪ್ಪ ನಿಲ್ಲಿಸಿ, ಟೊಳ್ಳು ಕೊಳವೆಯನ್ನು ತಳಕ್ಕೆ ಒತ್ತಿ, ಹೂಳನ್ನು ಕಂಬದಂತೆ ಎತ್ತುತ್ತಾರೆ. ಪದರಗಳು ಕಲಕಿಹೋಗಿರದಿದ್ದರೆ ಕೆಳಗಿನದು ಹಳೆಯದು, ಮೇಲಿನದು ಹೊಸದು. ನಿಗದಿತ ಅಂತರದಲ್ಲಿ ಚಿಟಿಕೆಯಷ್ಟು ಹೂಳು ತೆಗೆದು ಪ್ರಬಲ ಆಮ್ಲಗಳಲ್ಲಿ ಸಂಸ್ಕರಿಸುತ್ತಾರೆ. ಸುಣ್ಣದಂಶ ಕರಗುತ್ತದೆ, ಹೈಡ್ರೊಫ್ಲೋರಿಕ್ ಆಮ್ಲಕ್ಕೆ ಮರಳು ಮತ್ತು ಜೇಡಿಯೂ ಕರಗಿಹೋಗುತ್ತವೆ, ಪರಾಗ ಮಾತ್ರ ಉಳಿಯುತ್ತದೆ. ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪ್ರತಿ ಪದರಕ್ಕೆ ನೂರಾರು ಕಣಗಳನ್ನು ಒಂದೊಂದಾಗಿ ಗುರುತಿಸಿ ಎಣಿಸಬೇಕು. ಇಂಥ ಎಣಿಕೆಯನ್ನು ಪದರವಾರು ನಕ್ಷೆಯಾಗಿ ಜೋಡಿಸಿ, ಪ್ರದೇಶವೊಂದರ ಕಾಡಿನ ಚರಿತ್ರೆಯನ್ನು ತೋರಿಸಬಹುದೆಂದು ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್ 1916ರಲ್ಲಿ ಮಂಡಿಸಿದರು. ಮೂಲ ವಿಧಾನ ಇಂದಿಗೂ ಅದೇ.

ಎಣಿಕೆ ಮುಗಿದ ಮೇಲೆ ವಿವೇಚನೆಯ ಕೆಲಸ ಆರಂಭವಾಗುತ್ತದೆ. ಗಾಳಿಯನ್ನು ನಂಬಿದ ಪೈನ್ ಅಪಾರ ಪರಾಗ ಸೂಸುತ್ತದೆ. ಕೀಟಗಳನ್ನು ನಂಬಿದ ಸಸ್ಯ ಸ್ವಲ್ಪವೇ ಉತ್ಪಾದಿಸುತ್ತದೆ. ಹೂಳಿನಲ್ಲಿ ಅರ್ಧದಷ್ಟು ಪೈನ್ ಪರಾಗವಿದ್ದ ಮಾತ್ರಕ್ಕೆ ಕಾಡಿನಲ್ಲಿಯೂ ಅರ್ಧದಷ್ಟು ಪೈನ್ ಮರಗಳಿದ್ದವು ಎನ್ನಲಾಗದು. ಆದ್ದರಿಂದ ಇಂದಿನ ಕಾಡುಗಳ ನಡುವಿನ ಸರೋವರಗಳಲ್ಲಿ ಬೀಳುವ ಪರಾಗಕ್ಕೂ ಸುತ್ತಲಿನ ನಿಜವಾದ ಮರಗಳ ಸಂಖ್ಯೆಗೂ ಇರುವ ಸಂಬಂಧವನ್ನು ಅಳೆದು, ಎಣಿಕೆಯನ್ನು ತಿದ್ದಿಕೊಳ್ಳಲಾಗುತ್ತದೆ.

ಪರಾಗದೊಂದಿಗೆ ಎಲೆಗಳೂ ಸಿಕ್ಕರೆ ಮಾತು ಇನ್ನಷ್ಟು ಖಚಿತವಾಗುತ್ತದೆ. ಡೆನ್ಮಾರ್ಕಿನ ಅಲೆರೋಡ್‌ನಲ್ಲಿ ಜೇಡಿಮಣ್ಣಿನ ಎರಡು ಪದರಗಳ ನಡುವೆ ಬರ್ಚ್ ಮರದ ಅವಶೇಷಗಳಿದ್ದ ಸಾವಯವ ಪದರವೊಂದು ಕಂಡುಬಂತು. ಮೇಲಿನ ಮತ್ತು ಕೆಳಗಿನ ಜೇಡಿಯಲ್ಲಿ ಡ್ರಯಾಸ್ ಎಂಬ ಪುಟ್ಟ ಗಿಡದ ಎಲೆಗಳಿದ್ದವು. ಬಿಳಿ ಹೂ ಬಿಡುವ ಡ್ರಯಾಸ್ ಇಂದು ಬೆಳೆಯುವುದು ಉತ್ತರ ಧ್ರುವದ ಸುತ್ತಲಿನ ಬಯಲುಗಳಲ್ಲಿ ಮತ್ತು ಎತ್ತರದ ಚಳಿಬೆಟ್ಟಗಳಲ್ಲಿ. ಅಂದರೆ ಹಿಮಯುಗ ಮುಗಿದು ಬರ್ಚ್ ಬೆಳೆಯುವಷ್ಟು ಬೆಚ್ಚಗಾದ ನೆಲಕ್ಕೆ ಕಡು ಚಳಿ ಇನ್ನೊಮ್ಮೆ ಮರಳಿತ್ತು. ಸುಮಾರು 12,900ರಿಂದ 11,700 ವರ್ಷಗಳ ಹಿಂದಿನ ಈ ಮರುಚಳಿಯ ಅವಧಿಗೆ ವಿಜ್ಞಾನಿಗಳು ಆ ಗಿಡದ ಹೆಸರನ್ನೇ ಇಟ್ಟು ಕಿರಿಯ ಡ್ರಯಾಸ್ ಎನ್ನುತ್ತಾರೆ. ಅದೇ ತಿರುವು ಗ್ರೀನ್‌ಲ್ಯಾಂಡಿನ ಹಿಮದ ಪದರಗಳಲ್ಲಿಯೂ ಸ್ಪಷ್ಟವಾಗಿ ಕಾಣಿಸುತ್ತದೆ.

ಅದೇ ಹೂಳು ಪ್ರಾಣಿಗಳ ಸುದ್ದಿಯನ್ನೂ ಕೊಡುತ್ತದೆ. ಸಸ್ಯಾಹಾರಿ ಪ್ರಾಣಿಗಳ ಸಗಣಿಯ ಮೇಲೆ ಬೆಳೆಯುವ ಸ್ಪೊರೊಮಿಯೆಲ್ಲಾ ಎಂಬ ಶಿಲೀಂಧ್ರದ ಬೀಜಕಗಳು ಪರಾಗದ ಜೊತೆಯಲ್ಲೇ ಸಿಗುತ್ತವೆ. ದೊಡ್ಡ ಪ್ರಾಣಿಗಳು ಹೆಚ್ಚಾಗಿದ್ದಲ್ಲಿ ಬೀಜಕಗಳೂ ಹೆಚ್ಚು. ಅಮೆರಿಕದ ಇಂಡಿಯಾನಾ ರಾಜ್ಯದ ಆಪಲ್‌ಮನ್ ಸರೋವರದ ಹೂಳನ್ನು ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಈ ಬೀಜಕಗಳು 14,800ರಿಂದ 13,700 ವರ್ಷಗಳ ಹಿಂದಿನ ಅವಧಿಯಲ್ಲಿ ಕುಸಿದಿವೆ. ಕಾಡಿನ ಮರಗಳ ಜೋಡಣೆ ಬದಲಾಗಿದ್ದು, ಕಾಳ್ಗಿಚ್ಚಿನ ಇದ್ದಿಲ ಕಣಗಳು ಹೆಚ್ಚಿದ್ದು ಅದರ ನಂತರ. ಸಸ್ಯವರ್ಗ ಬದಲಾದದ್ದರಿಂದ ಆನೆಜಾತಿಯ ಬೃಹತ್ ಪ್ರಾಣಿಗಳು ಅಳಿದವೋ, ಮೇಯುವ ಪ್ರಾಣಿಗಳು ಕಡಿಮೆಯಾದದ್ದರಿಂದ ಕಾಡು ಬದಲಾಯಿತೋ ಎಂಬ ಹಳೆಯ ಚರ್ಚೆಗೆ, ಕನಿಷ್ಠ ಆ ಸ್ಥಳದ ಮಟ್ಟಿಗೆ, ಯಾವುದು ಮೊದಲು ಎಂಬ ಉತ್ತರವನ್ನು ಒಂದೇ ಕೊಳವೆಯ ಹೂಳು ಕೊಟ್ಟಿತು. ಎರಡೂ ಗುರುತುಗಳು ಒಂದೇ ಪದರಗಳಲ್ಲಿ ಇರುವುದರಿಂದ ಕಾಲನಿರ್ಣಯದ ತಪ್ಪು ಹಿಂದುಮುಂದಿನ ಕ್ರಮವನ್ನು ಕೆಡಿಸಲಾರದು. ಈ ಅಧ್ಯಯನದ ದೊಡ್ಡ ಗುಣ ಇದೇ ಎಂದು ನನ್ನ ಎಣಿಕೆ.

ಎಲೆ, ಹಲ್ಲು, ಮೂಳೆ

ಬೆಚ್ಚನೆಯ ಪ್ರದೇಶದ ಕಾಡುಗಳಲ್ಲಿ ಅಂಚು ನಯವಾಗಿರುವ ಎಲೆಗಳ ಪಾಲು ಹೆಚ್ಚು, ಚಳಿ ಪ್ರದೇಶಗಳಲ್ಲಿ ಗರಗಸದಂಥ ಅಂಚಿರುವ ಎಲೆಗಳ ಪಾಲು ಹೆಚ್ಚು. ಅಮೆರಿಕದ ಸಸ್ಯಶಾಸ್ತ್ರಜ್ಞರಾದ ಬೈಲಿ ಮತ್ತು ಸಿನ್ನಟ್ 1915ರ ಸುಮಾರಿಗೆ ಇದನ್ನು ಗಮನಕ್ಕೆ ತಂದರು. ಪಳೆಯುಳಿಕೆಯ ಸಸ್ಯದ ಹೆಸರು ಗೊತ್ತಿಲ್ಲದಿದ್ದರೂ, ಸಾಕಷ್ಟು ಜಾತಿಯ ಎಲೆಗಳು ಒಂದೆಡೆ ಸಿಕ್ಕರೆ, ನಯವಾದ ಅಂಚಿನವು ಎಷ್ಟು ಪಾಲು ಎಂದು ಲೆಕ್ಕ ಹಾಕಿ ವಾರ್ಷಿಕ ಸರಾಸರಿ ತಾಪಮಾನವನ್ನು ಅಂದಾಜು ಮಾಡಬಹುದು. ಎಲೆಯ ಮೇಲಿನ ಪತ್ರರಂಧ್ರಗಳು ಬೇರೊಂದು ವಿಷಯಕ್ಕೆ ಸೂಚಕ: ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದಾಗ ಅನೇಕ ಸಸ್ಯಗಳು ಕಡಿಮೆ ರಂಧ್ರಗಳನ್ನು ಬೆಳೆಸುತ್ತವೆ.

ಹಲ್ಲಿನ ಎನಾಮಲ್ ಪ್ರಾಣಿ ಏನನ್ನು ಮೇಯುತ್ತಿತ್ತು ಎಂಬುದನ್ನು ಉಳಿಸಿಕೊಂಡಿರುತ್ತದೆ. ಮರಗಿಡಗಳು ಮತ್ತು ಉಷ್ಣ ಬಯಲಿನ ಹುಲ್ಲುಗಳು ಗಾಳಿಯಿಂದ ಇಂಗಾಲವನ್ನು ಹೀರುವ ರಾಸಾಯನಿಕ ಮಾರ್ಗ ಬೇರೆ ಬೇರೆ. ಹಾಗಾಗಿ ಅವುಗಳಲ್ಲಿ ಹಗುರ ಮತ್ತು ಭಾರದ ಇಂಗಾಲದ ಪರಮಾಣುಗಳ ಪ್ರಮಾಣವೂ ಬೇರೆ, ಅವನ್ನು ತಿಂದ ಪ್ರಾಣಿಯ ಹಲ್ಲಿನಲ್ಲಿಯೂ ಬೇರೆ. ಪಾಕಿಸ್ತಾನದ ಪೊಟ್ವಾರ್ ಪ್ರಸ್ಥಭೂಮಿಯ ಶಿವಾಲಿಕ್ ಪದರಗಳಲ್ಲಿ ಹಳೆಯ ಮಣ್ಣಿನ ಸುಣ್ಣದ ಗಂಟುಗಳನ್ನೂ ಪ್ರಾಣಿಗಳ ಹಲ್ಲುಗಳನ್ನೂ ಪರೀಕ್ಷಿಸಿದಾಗ, ಸುಮಾರು 80ರಿಂದ 60 ಲಕ್ಷ ವರ್ಷಗಳ ಹಿಂದೆ ಅಲ್ಲಿ ಮರಗಿಡಗಳ ಪ್ರದೇಶ ಹುಲ್ಲುಗಾವಲಾಗಿ ಮಾರ್ಪಟ್ಟದ್ದು ತಿಳಿದುಬಂತು. ಅದಕ್ಕೆ ಕಾರಣ ಮುಂಗಾರಿನ ಬದಲಾವಣೆಯೋ, ಇಂಗಾಲದ ಡೈಆಕ್ಸೈಡ್ ಇಳಿದದ್ದೋ, ಕಾಳ್ಗಿಚ್ಚೋ ಎಂಬ ಬಗ್ಗೆ ಒಮ್ಮತ ಮೂಡಿಲ್ಲ. ಏನಾಯಿತು ಎಂಬುದು ಗಟ್ಟಿಯಾಗಿ ತಿಳಿದಿದ್ದರೂ ಏಕಾಯಿತು ಎಂಬುದು ತೆರೆದೇ ಉಳಿಯುವುದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಎದುರಾಗುವ ಸ್ಥಿತಿ.

ಮೂಳೆಗಳ ವಿಷಯದಲ್ಲಿ ಎಲ್ಲ ಪ್ರಾಣಿಗಳ ಸಾಕ್ಷ್ಯಕ್ಕೂ ಒಂದೇ ತೂಕವಿಲ್ಲ. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಕಟ್ಟಡಗಳಿಗಾಗಿ ನೆಲ ಅಗೆದಾಗ ಸುಮಾರು 1,25,000 ವರ್ಷ ಹಳೆಯ ಪದರಗಳಲ್ಲಿ ನೀರಾನೆ, ಸಿಂಹ, ನೇರ ದಂತದ ಆನೆಗಳ ಮೂಳೆಗಳು ದೊರೆತವು. ಸಿಂಹದ ಮೂಳೆ ನೋಡಿ ಸೆಖೆಯ ನಾಡನ್ನು ಕಲ್ಪಿಸಿಕೊಳ್ಳುವುದು ಸರಿಯಲ್ಲ, ಏಕೆಂದರೆ ಹಿಮಯುಗದ ಕೊರೆಯುವ ಚಳಿಯಲ್ಲಿಯೂ ಯೂರೋಪಿನಲ್ಲಿ ಸಿಂಹಗಳಿದ್ದವು. ನೀರಾನೆಯ ಮೂಳೆ ಹಾಗಲ್ಲ. ಹಗಲೆಲ್ಲ ನೀರಿನಲ್ಲಿ ಕಳೆಯುವ ಅದಕ್ಕೆ ಚಳಿಗಾಲದಲ್ಲಿಯೂ ಹೆಪ್ಪುಗಟ್ಟದ ನದಿ ಬೇಕು. ಒಂದು ಜೀವಿ ಯಾವುದನ್ನು ಸಹಿಸಲಾರದು ಎಂಬುದು ತಿಳಿದಿದ್ದರೆ ಮಾತ್ರ ಅದರ ಪಳೆಯುಳಿಕೆ ವಾಯುಗುಣದ ಬಗ್ಗೆ ಏನಾದರೂ ಹೇಳೀತು.

ಕಡಲ ತಳದ ಚಿಪ್ಪುಗಳು ಮತ್ತು ಎರಡು ಬಗೆಯ ಆಮ್ಲಜನಕ

ನೆಲದ ಮೇಲಿನ ದಾಖಲೆಗಳು ಬಹುಮಟ್ಟಿಗೆ ತುಂಡು ತುಂಡು. ಆಳದ ಕಡಲಿನಲ್ಲಾದರೆ ಕೆಸರು ಲಕ್ಷಾಂತರ ವರ್ಷ ಸದ್ದಿಲ್ಲದೆ ಶೇಖರವಾಗುತ್ತ ಹೋಗುತ್ತದೆ. ಅನೇಕ ಕಡೆ ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಅದರಲ್ಲಿ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಮರಳಿನ ಕಾಳಿನಷ್ಟು ಸಣ್ಣ ಸುಣ್ಣದ ಚಿಪ್ಪುಗಳು ಹೇರಳವಾಗಿರುತ್ತವೆ. ಸುಣ್ಣ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅದರಲ್ಲಿ ಆಮ್ಲಜನಕವಿದೆ, ಮತ್ತು ಆ ಆಮ್ಲಜನಕ ಬಂದದ್ದು ಜೀವಿ ಬದುಕಿದ್ದ ನೀರಿನಿಂದ.

ಪ್ರಕೃತಿಯಲ್ಲಿ ಆಮ್ಲಜನಕದ ಬಹುಪಾಲು ಪರಮಾಣುಗಳ ತೂಕ 16; ಐನೂರರಲ್ಲಿ ಸುಮಾರು ಒಂದರ ತೂಕ 18. ರಾಸಾಯನಿಕವಾಗಿ ಎರಡೂ ಒಂದೇ, ತೂಕ ಮಾತ್ರ ಬೇರೆ. ಇಂಥವನ್ನು ಐಸೊಟೋಪ್‌ಗಳು ಎನ್ನುತ್ತಾರೆ. ನೀರು ತಣ್ಣಗಿದ್ದಷ್ಟೂ ಚಿಪ್ಪಿನೊಳಗೆ ಭಾರದ ಆಮ್ಲಜನಕ ತುಸು ಹೆಚ್ಚಾಗಿ ಸೇರುತ್ತದೆ. ಇದನ್ನು ಅಳೆದರೆ ಹಿಂದಿನ ಕಡಲಿನ ತಾಪಮಾನ ತಿಳಿಯಬಹುದೆಂದು ರಸಾಯನ ವಿಜ್ಞಾನಿ ಹೆರಾಲ್ಡ್ ಯೂರಿ 1940ರ ದಶಕದಲ್ಲಿ ತೋರಿಸಿದರು. ಅವರ ಪ್ರಯೋಗಾಲಯದಲ್ಲಿ ತರಬೇತಾದ ಚೆಸಾರೆ ಎಮಿಲಿಯಾನಿ 1955ರಲ್ಲಿ ಕಡಲ ತಳದ ಕೆಸರನ್ನು ಹೀಗೆ ಅಳೆದು, ಹಿಮಯುಗಗಳು ಮೊದಲು ತಿಳಿದಿದ್ದಕ್ಕಿಂತ ಹೆಚ್ಚು ಬಾರಿ ಬಂದುಹೋಗಿವೆ ಎಂದು ಕಂಡುಕೊಂಡರು. ಅಳತೆಯಲ್ಲಿ ಕಂಡ ಏರಿಳಿತದ ಬಹುಪಾಲನ್ನು ಅವರು ನೀರಿನ ತಾಪಮಾನದ ಏರಿಳಿತವೆಂದೇ ಭಾವಿಸಿದರು.

ಇದರಲ್ಲಿ ಒಂದು ತೊಡಕಿತ್ತು. ಕಡಲ ನೀರು ಆವಿಯಾಗುವಾಗ ಹಗುರ ಆಮ್ಲಜನಕವಿರುವ ನೀರು ಹೆಚ್ಚು ಸುಲಭವಾಗಿ ಮೇಲೇಳುತ್ತದೆ. ಆ ಆವಿ ಹಿಮವಾಗಿ ನೆಲದ ಮೇಲೆ ಬಿದ್ದು ಕರಗದೆ ಸಾವಿರಾರು ವರ್ಷ ರಾಶಿಯಾದರೆ, ಹಗುರ ಆಮ್ಲಜನಕ ಹಿಮದಲ್ಲಿ ಸೆರೆಯಾಗಿ, ಉಳಿದ ಕಡಲಿನಲ್ಲಿ ಭಾರದ್ದರ ಪಾಲು ಏರುತ್ತದೆ. ಅಂದರೆ ನೀರು ತಣ್ಣಗಾದರೂ ಚಿಪ್ಪು ಭಾರದ ಕಡೆಗೆ ಸರಿಯುತ್ತದೆ, ನೆಲದ ಮೇಲೆ ಹಿಮ ಹೆಚ್ಚಿದರೂ ಅದೇ ಕಡೆಗೆ ಸರಿಯುತ್ತದೆ. ಯಾವುದು ಎಷ್ಟು? ಬ್ರಿಟನ್ನಿನ ನಿಕೋಲಾಸ್ ಶಾಕಲ್ಟನ್ 1967ರಲ್ಲಿ ಇದಕ್ಕೆ ಕೊಟ್ಟ ಉತ್ತರದ ತರ್ಕ ಸರಳವೂ ಸುಂದರವೂ ಆಗಿದೆ. ಮೇಲ್ಮೈಯಲ್ಲಿ ತೇಲುವ ಜೀವಿಗಳ ಚಿಪ್ಪಿನಲ್ಲಿ ಕಾಣುವಷ್ಟೇ ಏರಿಳಿತ ಕಡಲ ತಳದಲ್ಲಿ ಬದುಕುವ ಜೀವಿಗಳ ಚಿಪ್ಪಿನಲ್ಲಿಯೂ ಕಾಣುತ್ತಿತ್ತು. ತಳದ ನೀರು ಇಂದೇ ಹೆಪ್ಪುಗಟ್ಟುವ ಮಟ್ಟಕ್ಕೆ ಬಹಳ ಸಮೀಪವಿದೆ. ಅದು ಇನ್ನೂ ಹಲವು ಡಿಗ್ರಿ ತಣ್ಣಗಾಗಿರಲು ಸಾಧ್ಯವೇ ಇಲ್ಲ. ಆದ್ದರಿಂದ ಅಳತೆಯ ದೊಡ್ಡ ಭಾಗ ಹೇಳುತ್ತಿರುವುದು ನೆಲದ ಮೇಲಿದ್ದ ಹಿಮದ ಮೊತ್ತವನ್ನು.

ಎಮಿಲಿಯಾನಿಯವರ ಅಳತೆ ತಪ್ಪಾಗಿರಲಿಲ್ಲ, ಅದರ ಅರ್ಥ ಬೇರೆಯಾಗಿತ್ತು. ಪ್ರಾಚೀನ ವಾಯುಗುಣದ ಅಧ್ಯಯನ ಹೇಗೆ ಬೆಳೆಯುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಸಂಗ ನನಗೆ ಕಾಣದು. ಇಂದು ಎರಡು ಕಾರಣಗಳನ್ನು ಬೇರ್ಪಡಿಸಲು ಅದೇ ಚಿಪ್ಪಿನಲ್ಲಿರುವ ಮೆಗ್ನೀಸಿಯಂ ಅಂಶವನ್ನೂ ಅಳೆಯುತ್ತಾರೆ. ನೀರು ಬೆಚ್ಚಗಿದ್ದಷ್ಟೂ ಚಿಪ್ಪಿನಲ್ಲಿ ಮೆಗ್ನೀಸಿಯಂ ಹೆಚ್ಚು, ಮತ್ತು ಅದಕ್ಕೆ ಹಿಮದ ಮೊತ್ತದೊಂದಿಗೆ ನೇರ ಸಂಬಂಧವಿಲ್ಲ. ಮೊದಲು ಇದರಿಂದ ತಾಪಮಾನ ತಿಳಿದುಕೊಂಡು, ಅದರ ಪಾಲನ್ನು ಆಮ್ಲಜನಕದ ಅಳತೆಯಿಂದ ಕಳೆದರೆ, ಉಳಿಯುವುದು ಬಹುಮಟ್ಟಿಗೆ ಹಿಮದ ಲೆಕ್ಕ. ಸುಮಾರು 21,000 ವರ್ಷಗಳ ಹಿಂದೆ, ಹಿಮಯುಗದ ತುತ್ತತುದಿಯಲ್ಲಿ, ಕಡಲಿನ ಮಟ್ಟ ಇಂದಿಗಿಂತ ಸುಮಾರು 120 ಮೀಟರಿನಷ್ಟು ಕೆಳಗಿತ್ತು ಎಂಬ ಮಾತಿಗೆ ಇಂಥ ಲೆಕ್ಕಗಳ ಜೊತೆಗೆ ಮುಳುಗಿದ ಹವಳದಿಬ್ಬಗಳ ಸಾಕ್ಷ್ಯವೂ ಇದೆ.

ಪದರದ ವಯಸ್ಸು ತಿಳಿಯುವುದು

ವಯಸ್ಸು ತಿಳಿಯದ ತಾಪಮಾನದಿಂದ ಹೆಚ್ಚು ಪ್ರಯೋಜನವಿಲ್ಲ. ಜೀವಿಯ ಅವಶೇಷವಿದ್ದರೆ ವಿಕಿರಣಶೀಲ ಇಂಗಾಲ-14 ನೆರವಾಗುತ್ತದೆ. ಅದರ ಪ್ರಮಾಣ ಸುಮಾರು 5,730 ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುವುದರಿಂದ 50,000 ವರ್ಷಗಳಾಚೆಗೆ ಅಳೆಯುವಷ್ಟು ಉಳಿಯುವುದಿಲ್ಲ. ಗುಹೆಯ ಸುಣ್ಣದ ಕಂಬ ಮತ್ತು ಹವಳಗಳಿಗೆ ಯುರೇನಿಯಂ-ಥೋರಿಯಂ ವಿಧಾನ ಸುಮಾರು 5 ಲಕ್ಷ ವರ್ಷಗಳವರೆಗೆ ಕೆಲಸ ಮಾಡುತ್ತದೆ. ಜ್ವಾಲಾಮುಖಿಯ ಬೂದಿಯ ಪದರಗಳಿದ್ದರೆ ಪೊಟ್ಯಾಸಿಯಂ-ಆರ್ಗಾನ್ ವಿಧಾನದಿಂದ ಇನ್ನೂ ಹಿಂದಕ್ಕೆ ಹೋಗಬಹುದು. ಜಪಾನಿನ ಸುಯಿಗೆತ್ಸು ಸರೋವರದಂಥ ಕೆಲವು ಕಡೆ ವರ್ಷಕ್ಕೊಂದು ತೆಳುಪದರ ಕೂರುವುದರಿಂದ ವರ್ಷಗಳನ್ನು ನೇರವಾಗಿ ಎಣಿಸಬಹುದು.

ಕಾಲ ಗೊತ್ತಾದ ಮೇಲೆ ಲಯವೂ ಕಂಡಿತು. ಸೂರ್ಯನ ಸುತ್ತ ಭೂಮಿ ತಿರುಗುವ ಪಥದ ಆಕಾರ, ಅಕ್ಷದ ಓರೆ ಮತ್ತು ಅಕ್ಷದ ತೂಗಾಟ ನಿಧಾನವಾಗಿ ಬದಲಾಗುತ್ತಿರುತ್ತವೆ. 1976ರಲ್ಲಿ ಹೇಸ್, ಇಂಬ್ರಿ ಮತ್ತು ಶಾಕಲ್ಟನ್ ಕಡಲ ತಳದ ಕೆಸರಿನಲ್ಲಿ ಸುಮಾರು 1,00,000, 41,000 ಮತ್ತು 23,000 ವರ್ಷಗಳ ಆವರ್ತಗಳನ್ನು ಗುರುತಿಸಿ, ಹಿಮಯುಗಗಳ ಬರಹೋಗುಗಳಿಗೆ ಈ ಬದಲಾವಣೆಗಳೇ ಗತಿ ನಿರ್ಧರಿಸುತ್ತವೆ ಎಂದು ತೋರಿಸಿದರು.

ಒಂದೇ ವರ್ಷವನ್ನು ಹೋಲಿಸಬಹುದೇ?

ಈಗ 1,25,000 ವರ್ಷಗಳ ಹೇಳಿಕೆಯನ್ನು ತೂಗಿ ನೋಡಬಹುದು. ಕಡಲ ತಳದ ಒಂದು ಸೆಂಟಿಮೀಟರ್ ಕೆಸರಿನಲ್ಲಿ ನೂರಾರು ವರ್ಷಗಳ ಚಿಪ್ಪುಗಳು ಬೆರೆತಿರುತ್ತವೆ. ತಳದ ಹುಳುಗಳು ಕೆಸರನ್ನು ಕೆದಕಿ ಇನ್ನಷ್ಟು ಬೆರೆಸಿರುತ್ತವೆ. ತಿಂಗಳ ಕೊನೆಗೆ ಬರುವ ವಿದ್ಯುತ್ ಬಿಲ್ಲಿನಲ್ಲಿ ಒಟ್ಟು ಬಳಕೆ ಇರುತ್ತದೆಯೇ ಹೊರತು ಯಾವ ರಾತ್ರಿ ಎಷ್ಟು ಹೊತ್ತು ದೀಪ ಉರಿಯಿತೆಂಬುದು ಇರುವುದಿಲ್ಲ. ಹಾಗೆಯೇ ಈ ಕೆಸರು ಶತಮಾನಗಳ ಸರಾಸರಿಯನ್ನು ಕೊಡುತ್ತದೆ, ಬಿಡಿ ವರ್ಷವನ್ನಲ್ಲ. ಆದ್ದರಿಂದ ಆ ದೀರ್ಘಾವಧಿಯ ನಡುವೆ ಒಂದೇ ಒಂದು ವರ್ಷ 2023ಕ್ಕಿಂತ ಬಿಸಿಯಾಗಿರಲಿಲ್ಲ ಎಂದು ಕೆಸರಿನ ಆಧಾರದ ಮೇಲಷ್ಟೇ ಹೇಳಲಾಗದು.

ವಾಯುಗುಣ ಬದಲಾವಣೆಯನ್ನು ಕುರಿತ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿ 2021ರ ವರದಿಯಲ್ಲಿ ಬಳಸಿದ ಮಾತು ಹೆಚ್ಚು ಜಾಗರೂಕವಾದದ್ದು. 2011ರಿಂದ 2020ರ ದಶಕದ ತಾಪಮಾನವು ಸುಮಾರು 6,500 ವರ್ಷಗಳ ಹಿಂದಿನ, ಶತಮಾನಗಳ ಕಾಲ ನಡೆದ ಬೆಚ್ಚನೆಯ ಅವಧಿಯನ್ನು ಮೀರಿದೆ. ಅದಕ್ಕೂ ಹಿಂದಿನ ಬೆಚ್ಚನೆಯ ಅವಧಿ ಸುಮಾರು 1,25,000 ವರ್ಷಗಳ ಹಿಂದಿನದು, ಆಗಿನ ತಾಪಮಾನ 1850–1900ರ ಸರಾಸರಿಗಿಂತ 0.5ರಿಂದ 1.5 ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿತ್ತು. ನಡುವಿನ ಬಹುಕಾಲ ಹಿಮಯುಗದ ಚಳಿ ಆವರಿಸಿತ್ತು. ಹೀಗೆ ಅವಧಿಯನ್ನು ಅವಧಿಯೊಂದಿಗೆ ಹೋಲಿಸಿದಾಗ ಹೇಳಿಕೆಗೆ ಬಲವಾದ ಆಧಾರವಿದೆ. 1,25,000 ವರ್ಷಗಳ ಹಿಂದಿನ ಆ ಅವಧಿಯಲ್ಲಿ ಕಡಲಿನ ಮಟ್ಟ ಇಂದಿಗಿಂತ 5ರಿಂದ 10 ಮೀಟರ್ ಎತ್ತರದಲ್ಲಿತ್ತು ಎಂಬುದು ಈ ಹೋಲಿಕೆಯನ್ನು ಕೇವಲ ಕುತೂಹಲದ ವಿಷಯವಾಗಿ ಉಳಿಯಗೊಡುವುದಿಲ್ಲ.

ಪುರಾವೆಗಳು ಒಪ್ಪಿದಾಗ, ಒಪ್ಪದಿದ್ದಾಗ

ಯಾವ ಸೂಚಕವೂ ದೋಷಮುಕ್ತವಲ್ಲ. ನಂಬಿಕೆ ಹುಟ್ಟುವುದು ಬೇರೆ ಬೇರೆ ದೌರ್ಬಲ್ಯಗಳಿರುವ ಸೂಚಕಗಳು ಒಂದೇ ಮಾತನ್ನು ಹೇಳಿದಾಗ. ಸಹಾರಾ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 11,000ರಿಂದ 5,000 ವರ್ಷಗಳ ಹಿಂದೆ ಅದರ ಬಹುಭಾಗ ಹುಲ್ಲು ಮತ್ತು ಕೆರೆಗಳ ನಾಡಾಗಿತ್ತು. ಇಂದು ಒಣಗಿದ ತಗ್ಗುಗಳಲ್ಲಿ ಸಿಹಿನೀರಿನ ಡಯಾಟಮ್ ಪಾಚಿಗಳ ಬಿಳಿ ಪದರಗಳಿವೆ. ಚಾಡ್ ಸರೋವರದ ಹಳೆಯ ದಡದ ಗುರುತುಗಳು ಈಗಿನ ನೀರಿನಿಂದ ಬಲುದೂರದಲ್ಲಿವೆ. ಅಲ್ಜೀರಿಯಾದ ತಸ್ಸಿಲಿಯ ಬಂಡೆಗಳ ಮೇಲೆ ದನಕರುಗಳ ಚಿತ್ರಗಳಿವೆ. ಆಗ ಉತ್ತರಾರ್ಧಗೋಳದ ಬೇಸಗೆಗೆ ದೊರೆಯುತ್ತಿದ್ದ ಸೂರ್ಯನ ಶಾಖ ಇಂದಿಗಿಂತ ಸುಮಾರು ಶೇ. 7ರಷ್ಟು ಹೆಚ್ಚಿತ್ತು, ಅದರಿಂದ ಮುಂಗಾರು ಹೆಚ್ಚು ಒಳನಾಡಿಗೆ ನುಗ್ಗುತ್ತಿತ್ತು ಎಂದು ಜಾನ್ ಕುಟ್ಜ್‌ಬಾಕ್ 1981ರಲ್ಲಿ ಕಂಪ್ಯೂಟರ್ ಮಾದರಿಯಿಂದ ತೋರಿಸಿದರು.

ಆ ಹಸಿರು ಹೇಗೆ ಮುಗಿಯಿತು ಎಂಬಲ್ಲಿ ಪುರಾವೆಗಳು ಬೇರೆಯಾಗುತ್ತವೆ. ಮಾರಿಟೇನಿಯಾದ ಕರಾವಳಿಯಾಚೆ ಕಡಲ ತಳದಲ್ಲಿ ಮರುಭೂಮಿಯ ಧೂಳು ಸುಮಾರು 5,500 ವರ್ಷಗಳ ಹಿಂದೆ ಥಟ್ಟನೆ ಏರಿದೆ. ಉತ್ತರ ಚಾಡ್‌ನ ಯೋವಾ ಸರೋವರದ ಪರಾಗವಾದರೋ, 2008ರಲ್ಲಿ ಪ್ರಕಟವಾದಂತೆ, ನಿಧಾನವಾಗಿ ಒಣಗುತ್ತ ಬಂದ ನೆಲವನ್ನು ತೋರಿಸುತ್ತದೆ. ಎರಡೂ ಅಳತೆಗಳು ಸರಿಯಾಗಿರಬಹುದು: ಧೂಳು ಬಹುದೂರದ ಹಲವು ಮೂಲಗಳಿಂದ ಬರುತ್ತದೆ, ಕೆರೆಗಳ ತಳ ಒಣಗಿ ತೆರೆದುಕೊಂಡ ಕೂಡಲೇ ಏರುತ್ತದೆ, ಪರಾಗ ಸುತ್ತಲಿನ ಸಸ್ಯವರ್ಗದ ಮಾತನ್ನಷ್ಟೇ ಹೇಳುತ್ತದೆ.

ಇಂದು ಹೋಲಿಕೆಯೇ ಇಲ್ಲದ ಲೋಕಗಳು

ಗ್ರೀನ್‌ಲ್ಯಾಂಡಿನ ಉತ್ತರ ತುದಿಯ ಕಾಪ್ ಕೋಬೆನ್‌ಹಾವ್ನ್ ಎಂಬಲ್ಲಿನ ಸುಮಾರು 20 ಲಕ್ಷ ವರ್ಷ ಹಳೆಯ ಕೆಸರಿನಿಂದ ಡಿಎನ್‌ಎ ತುಣುಕುಗಳನ್ನು ಹೊರತೆಗೆದ ಸುದ್ದಿ 2022ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಜೇಡಿ ಮತ್ತು ಸ್ಫಟಿಕದ ಕಣಗಳಿಗೆ ಅಂಟಿಕೊಂಡಿದ್ದರಿಂದ ಅವು ಅಷ್ಟು ಕಾಲ ಉಳಿದಿದ್ದವು. ಇಂದು ಬಹುತೇಕ ಬರಡಾಗಿರುವ ಆ ನೆಲದಲ್ಲಿ ಆಗ ಪಾಪ್ಲರ್ ಮತ್ತು ಬರ್ಚ್ ಮರಗಳಿದ್ದವು. ಹಿಮಸಾರಂಗ, ಮೊಲ ಮತ್ತು ಆನೆಯ ದೂರದ ಬಂಧುವಾದ ಮ್ಯಾಸ್ಟೊಡಾನ್ ಓಡಾಡುತ್ತಿದ್ದವು. ಮ್ಯಾಸ್ಟೊಡಾನ್ ಅಲ್ಲಿತ್ತೆಂದು ಯಾವ ಮೂಳೆಯೂ ಮೊದಲು ತಿಳಿಸಿರಲಿಲ್ಲ. ತಾಪಮಾನ ಇಂದಿಗಿಂತ 10 ಡಿಗ್ರಿಗೂ ಹೆಚ್ಚು ಮೇಲಿತ್ತೆಂಬುದು ಅಂದಾಜು. ತಿಂಗಳುಗಟ್ಟಲೆ ಕತ್ತಲೆ ಇರುವ ಧ್ರುವದ ಸಮೀಪದಲ್ಲಿ ಇಂಥ ಕಾಡು ಇಂದು ಜಗತ್ತಿನ ಎಲ್ಲಿಯೂ ಇಲ್ಲವಾದ್ದರಿಂದ, ಅದು ನಡೆಯುತ್ತಿದ್ದ ರೀತಿಯನ್ನು ಇಂದಿನ ಕಾಡುಗಳಿಂದ ಊಹಿಸುವಾಗ ಎಚ್ಚರ ಬೇಕಾಗುತ್ತದೆ.

ಹಿಮದ ಪದರಗಳಲ್ಲಿ ಮಾತ್ರ ಹಳೆಯ ಗಾಳಿಯೇ ಗುಳ್ಳೆಗಳಾಗಿ ಉಳಿದಿದೆ. ಅಂಟಾರ್ಕ್ಟಿಕಾದ ಡೋಮ್ ಸಿ ಎಂಬಲ್ಲಿ ಕೊರೆದ ಹಿಮ 8 ಲಕ್ಷ ವರ್ಷಗಳ ಗಾಳಿಯನ್ನು ಒದಗಿಸಿತು: ಇಂಗಾಲದ ಡೈಆಕ್ಸೈಡ್ ಆ ಅವಧಿಯಲ್ಲೆಲ್ಲ ದಶಲಕ್ಷಕ್ಕೆ ಸುಮಾರು 170ರಿಂದ 300 ಪಾಲಿನ ನಡುವೆ ಏರಿಳಿದಿದೆ, ಇಂದು ಅದು 420ನ್ನು ದಾಟಿದೆ. ಅಲ್ಲಿಗೆ ಸಮೀಪದ ಲಿಟ್ಲ್ ಡೋಮ್ ಸಿಯಲ್ಲಿ ಐರೋಪ್ಯ ತಂಡವೊಂದು 2,800 ಮೀಟರ್ ಆಳ ಕೊರೆದು, ಕನಿಷ್ಠ 12 ಲಕ್ಷ ವರ್ಷಗಳಷ್ಟು ಹಿಂದಿನ ಹಿಮ ದೊರೆತಿದೆ ಎಂದು 2025ರ ಜನವರಿಯಲ್ಲಿ ಪ್ರಕಟಿಸಿತು. ಈ ಹಿಮಕ್ಕಾಗಿ ಕಾದಿದ್ದ ಪ್ರಶ್ನೆ ಬಹು ಹಳೆಯದು. ಸುಮಾರು 10 ಲಕ್ಷ ವರ್ಷಗಳ ಹಿಂದಿನವರೆಗೆ ಹಿಮಯುಗಗಳು 41,000 ವರ್ಷಗಳಿಗೊಮ್ಮೆ ಬರುತ್ತಿದ್ದವು. ಆಮೇಲೆ ಅವುಗಳ ನಡುವಿನ ಅಂತರ ಸುಮಾರು 1,00,000 ವರ್ಷಗಳಿಗೆ ಹಿಗ್ಗಿತು, ಭೂಪಥದ ಬದಲಾವಣೆಗಳು ಮಾತ್ರ ಮೊದಲಿನಂತೆಯೇ ಇದ್ದವು. ಇಂಗಾಲದ ಡೈಆಕ್ಸೈಡ್ ಕ್ರಮೇಣ ಇಳಿದದ್ದು ಕಾರಣವೆಂಬುದು ಒಂದು ವಿವರಣೆ. ಹಿಮದ ಹೊದಿಕೆಗಳು ತಮ್ಮಡಿಯ ಮೆತ್ತನೆಯ ಮಣ್ಣನ್ನೆಲ್ಲ ಕೊರೆದು ಗಟ್ಟಿಬಂಡೆಯ ಮೇಲೆ ನೆಲೆಯೂರಿ, ಮೊದಲಿಗಿಂತ ದಪ್ಪವಾಗಿ ಬೆಳೆದದ್ದು ಕಾರಣವೆಂಬುದು ಇನ್ನೊಂದು. ಮೊದಲನೆಯದು ನಿಜವಾಗಿದ್ದರೆ ಆ ಕಾಲದ ಗುಳ್ಳೆಗಳಲ್ಲಿ ಅನಿಲದ ಇಳಿಕೆ ಕಾಣಲೇಬೇಕು.